ಕ್ಯಾರಿಯರ್ ಇಲ್ಲದ ಸೈಕಲ್ಲು

ನಮ್ಮ ಯಜಮಾನರು ಸುಳ್ಳು ಹೇಳುತ್ತಾರೆ. ವಯಸ್ಸಾದ ಮೇಲೆ ಅದು ಇನ್ನೂ ಹೆಚ್ಚಾಗಿದೆ. ಹೋದ ಮಾಗಿಯಲ್ಲಿ ಒಂದು ಬೆಳಿಗ್ಗೆ, ಮೈಸೂರಿನಿಂದ ಮಡಿಕೇರಿಗೆ ಹೊರಟಿದ್ದ ಒಂದಷ್ಟು ಜನ ಸೈಕಲ್ ಸವಾರರು ನೀರು ಕೇಳಿಕೊಂಡು ನಮ್ಮ ಜಗಲಿಗೆ ಬಂದರು. ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ನಮ್ಮ ಮನೆ ಇರುವುದರಿಂದ ಹೋಗುವವರು ಬರುವವರೆಲ್ಲ ನಮಗೇ ಗಂಟುಬೀಳುತ್ತಾರೆ. ಮೈಗೆ ಅಂಟಿದ ಚಡ್ಡಿ, ತಲೆಯ ಮೇಲೆ ಬುಟ್ಟಿ ಬೋರಲು ಹಾಕಿದಂಥ ಟೋಪಿ. ಎಲ್ಲರ ಸೈಕಲ್ಲೂ ಹೊಸ ನಮೂನೆಯದು, ಒಬ್ಬನದು ಮಾತ್ರ ಹಳೆಯ ಕಾಲದ ಹಾಗೆ ಸಣ್ಣ ಕೊಳವೆಯ ಉಕ್ಕಿನ ಸೈಕಲ್ಲು. ನಮ್ಮವರು ಕೋಲೂರಿಕೊಂಡು ಎದ್ದು ಹೋಗಿ ಅದರ ಬಾರನ್ನು ಉಗುರಿನಿಂದ ಟಣ್ ಎನ್ನಿಸಿದರು. ಆ ಹುಡುಗನ ಮುಖ ಊರಗಲ ಆಯಿತು.

"ಸ್ಟೀಲ್ ಅಂದ್ರೆ ಸ್ಟೀಲೇ ಅಜ್ಜ. ಇವರ ಹಗೂರದ ಸೈಕಲ್ ಯಾವ್ದೂ ಈ ಸುಖ ಕೊಡಲ್ಲ" ಎಂದ.

"ನಂಗೇಳ್ತೀಯಾ? ನಮ್ಮನೇಲೂ ಒಂದಿತ್ತು ಕಣಪ್ಪ. ಎಲ್ರಿಗೂ ಅದ್ರ ಮ್ಯಾಲೆ ಪ್ರಾಣ. ಮನೆ ಮಗನಂಗೆ ನೋಡ್ಕತಿದ್ರು" ಎಂದರು ಇವರು.

ಒಳಗೆ ಕಾಫಿ ಸೋಸುತ್ತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಮನೆ ಮಗನಂತೆ ಅಂತೆ! ಆ ಸೈಕಲ್ ಕಂಡರೆ ಎರಡು ಮನೆಯಲ್ಲಿ ಒಂದು ನರಪಿಳ್ಳೆಗೂ ಆಗುತ್ತಿರಲಿಲ್ಲ. ನಮ್ಮಪ್ಪ ಅದರ ಮುಖಕ್ಕೆ ಉಗಿದಿದ್ದರು. ನಮ್ಮ ಮಾವ ಅದನ್ನು ತಿಪ್ಪೆಗೆ ಎಸೆದಿದ್ದರು. ನಾನಂತೂ ಅದರ ಟೈರಿಗೆ ಮುಳ್ಳು ಚುಚ್ಚಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ. ಬಂದವರೆದುರು ಗಂಡನ ಮರ್ಯಾದೆ ತೆಗೆಯಬಾರದು ಅಂತ ಬಾಯಿ ಮುಚ್ಚಿಕೊಂಡು ಕಾಫಿ ಕೊಟ್ಟೆ. ಇಲ್ಲಿ ಬಾಯಿ ಮುಚ್ಚಿಕೊಳ್ಳುವ ದರ್ದು ನನಗಿಲ್ಲ.

ನನ್ನ ತವರು ಮಿರ್ಲೆ. ನಾಲೆ ನೀರಿನ ಊರು, ಭತ್ತ ಬೆಳೆಯುವವರು ನಾವು. ಎಪ್ಪತ್ತರ ದಶಕದ ಶುರುವಿನಲ್ಲಿ, ಒಂದು ವೈಶಾಖದಲ್ಲಿ ಹುಣಸೂರು ಕಡೆಯ ಹೊಗೆಸೊಪ್ಪಿನ ಮನೆಗೆ ನನ್ನನ್ನು ಕೊಟ್ಟರು. ಆಗ ಅಳಿಯನಿಗೆ ಸೈಕಲ್ ಕೊಡುವುದೆಂದರೆ ದೊಡ್ಡ ಮಾತು. ನಮ್ಮಪ್ಪನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಕೆ.ಆರ್. ನಗರದ ಅಂಗಡಿಯಿಂದ ಅದನ್ನು ಎತ್ತಿನ ಗಾಡಿಯ ಮೇಲೆ ನಿಲ್ಲಿಸಿ, ಬೀಳದ ಹಾಗೆ ತಬ್ಬಿ ಹಿಡಿದುಕೊಂಡು ಊರೊಳಗೆ ಮೆರವಣಿಗೆ ಬಂದ ಹಾಗೆ ಬಂದರು. ಕರೀ ಬಣ್ಣದ ಸೈಕಲ್ಲು. ಚೈನಿಗೆ ಕವರು, ಎರಡು ಚಕ್ರಕ್ಕೂ ಮಡ್‌ಗಾರ್ಡು, ಡೈನಮೋ ದೀಪ, ಎರಡು ಕನ್ನಡಿ, ಬೆಲ್ಲು, ಹಿಡಿಕೆಯಲ್ಲಿ ಬಣ್ಣದ ಕುಚ್ಚು, ಹಿಂದೆ ಅಗಲವಾದ ಕ್ಯಾರಿಯರು. ಅವ್ವ ಅದರ ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಅರಿಶಿನದ ಕೊಂಬು ಕಟ್ಟಿದ ದಾರ ಸುತ್ತಿದಳು. ಚಪ್ಪರದ ಕಂಬಕ್ಕೆ ಒರಗಿಸಿದ್ದ ಅದನ್ನು ನೋಡಿದ ನೆಂಟರು, "ಮುತ್ತೈದೆ ನಿಂತಂಗೈತೆ ಕಣಪ್ಪ" ಎಂದಾಗ ಅಪ್ಪ ಮೀಸೆಯ ಮೇಲೆ ಕೈ ಆಡಿಸಿಕೊಂಡರು.

ಮದುವೆಯಾದ ಹೊಸತರಲ್ಲಿ ನಾನು ಆ ಕ್ಯಾರಿಯರ್ ಮೇಲೆ ಕುಳಿತು ಹುಣಸೂರಿಗೆ ಹೋಗಿಬಂದದ್ದುಂಟು. ಲಕ್ಷ್ಮಣತೀರ್ಥದ ಸೇತುವೆ ಬಂದಾಗ ಇಳಿದು ಹೊಳೆ ನೋಡಿಕೊಂಡು ಕಳ್ಳೆಕಾಯಿ ತಿನ್ನುತ್ತಿದ್ದೆವು. ಇವರ ಬೆನ್ನಿಗೆ ಕೆನ್ನೆ ತಾಗಿದರೂ ತಾಗದ ಹಾಗೆ ಕೂರುವುದು, ಜನ ಎದುರಾದರೆ ಸೆರಗು ಮುಖಕ್ಕೆಳೆದುಕೊಳ್ಳುವುದು. ನಿಜ ಹೇಳಬೇಕೆಂದರೆ, ಆ ಕ್ಯಾರಿಯರ್ ನನ್ನ ಮನೆ ಅಂತ ಅನ್ನಿಸಿತ್ತು ನನಗೆ. ಗಂಡನ ಮನೆಯ ಬಾಕಿ ಜಾಗವೆಲ್ಲ ಅತ್ತೆಯದು, ಮಾವನದು, ಹೊಗೆಸೊಪ್ಪಿನದು.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಅತ್ತೆ ಸೊಸೆ ಒಂದು ಸೂರಿನಡಿ ಇರಬಾರದು, ಅತ್ತೆ ಅಳಿಯ ಒಂದು ಹೊಸ್ತಿಲು ದಾಟಬಾರದು ಎನ್ನುವುದು ನಮ್ಮ ಕಡೆಯ ಕಟ್ಟಳೆ. ಅಪ್ಪ ಬಂದು ಬಸ್ಸಿನಲ್ಲಿ ಕರೆದುಕೊಂಡು ಹೋದರು. ನಾನು ಹೊರಟಾಗ ಇವರು ಸೈಕಲ್ ಒರೆಸುತ್ತ ನಿಂತಿದ್ದರು. ಬಸ್ಸು ಕಣ್ಮರೆಯಾಗುವವರೆಗೆ ನನ್ನನ್ನೇ ನೋಡಿದರು ಎಂದುಕೊಂಡು ದಾರಿಯುದ್ದಕ್ಕೂ ಅಳುತ್ತ ಹೋದೆ. ಎಂಥ ಪೆದ್ದಿ ನಾನು!

ಆಗಿದ್ದೇನೆಂದರೆ, ಅದೇ ಬೇಸಿಗೆಯಲ್ಲಿ ಯಾವುದೋ ಊರಿನ ರೇಸಿನ ಸೈಕಲ್ಲುಗಳು ನಮ್ಮ ರಸ್ತೆಯಲ್ಲಿ ಹಾದುಹೋಗಿದ್ದವು. ಬಗ್ಗಿದ ಹ್ಯಾಂಡಲ್ಲು, ಬಿಳೀ ಬಣ್ಣ, ಚಕ್ರ ಎರಡು ಬಿಟ್ಟರೆ ಮೈಮೇಲೆ ಏನೂ ಇಲ್ಲ. ಅದನ್ನು ಕಂಡ ಇವರ ತಲೆ ಕೆಟ್ಟಿತು. ನಾನು ಮನೆಯಲ್ಲಿರುವಷ್ಟು ದಿನ ಸುಮ್ಮನಿದ್ದು, ನಾನು ಅತ್ತ ಹೋದದ್ದೇ ತಡ, ಇತ್ತ ಹುಣಸೂರಿನ ಖಾದರ್ ಸಾಬರ ಸೈಕಲ್ ಅಂಗಡಿಗೆ ಹೊಡೆದುಕೊಂಡು ಹೋದರು. "ಎಲ್ಲಾ ಬಿಚ್ಚಿ ಸಾಬ್ರೇ" ಎಂದರು. ಸಾಬರಿಗೆ ಹ್ಯಾಂಡಲ್ಲಿನ ಅರಿಶಿನದ ದಾರ ಕಂಡು ಕೈ ಬರಲಿಲ್ಲವಂತೆ. "ಮದುವೆ ಮಾಲು ಕಣ್ರೀ ಗೌಡ್ರೆ, ಇದನ್ನ ಬಿಚ್ಚೋದು ನನಗೆ ಸರಿ ಕಾಣಲ್ಲ" ಎಂದರಂತೆ. ಇವರು ಕೇಳುತ್ತಾರಾ? ದೀಪ, ಕನ್ನಡಿ, ಮಡ್‌ಗಾರ್ಡು, ಚೈನ್ ಕವರು, ಸ್ಟ್ಯಾಂಡು, ಕುಚ್ಚು, ಬೆಲ್ಲು, ನನ್ನ ಕ್ಯಾರಿಯರು, ಎಲ್ಲ ಒಂದು ಗೋಣಿಚೀಲಕ್ಕೆ ಬಿತ್ತು. ಹ್ಯಾಂಡಲ್ಲನ್ನು ತಲೆಕೆಳಗು ಮಾಡಿ ಕೂರಿಸಿದರು. ಆಮೇಲೆ ಬಿಳೀ ಬಣ್ಣ ತಂದು ಮೈಯೆಲ್ಲ ಬಳಿದರು.

ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಬಣ್ಣವನ್ನು ಕಾದ ಕೋಣೆಯಲ್ಲಿಟ್ಟು ಬೇಯಿಸಿದರೆ ಅದು ಜನ್ಮದಲ್ಲಿ ಕಿತ್ತು ಬರುವುದಿಲ್ಲ, ಕಾರ್ಖಾನೆಯಲ್ಲಿ ಹಾಗೇ ಮಾಡುವುದು ಅಂತ ಯಾರೋ ಇವರ ಕಿವಿಗೆ ಹಾಕಿದ್ದರು. ಕಾದ ಕೋಣೆಗೆ ನಮ್ಮ ಮನೆಯಲ್ಲಿ ಬರವೇ? ಹೊಗೆಸೊಪ್ಪಿನ ಬ್ಯಾರನ್ ಎಂದರೆ ಅದೇ ತಾನೆ! ಎತ್ತರದ ಗೋಡೆಯ ಕೋಣೆ; ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಸೂರಿನಿಂದ ಕೆಳಗಿನವರೆಗೆ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಡ್ಡಿ ಒಳಗೆ ಶಾಖ ಹಾಯಿಸುತ್ತಾರೆ. ಆ ವರ್ಷದ ಮೊದಲ ಸೊಪ್ಪು ಬೇಯಲು ಏರಿತ್ತು. ಮಾವ ಊಟಕ್ಕೆ ಹೋದ ಹೊತ್ತು ನೋಡಿ ಇವರು ಸೈಕಲ್ಲಿನ ಮೈಕಟ್ಟನ್ನು ಸೊಪ್ಪಿನ ಸಾಲುಗಳ ನಡುವೆ ನೇತುಹಾಕಿ ಬಾಗಿಲು ಮುಚ್ಚಿದರು.

ಹೊಗೆಸೊಪ್ಪಿನಷ್ಟು ವಾಸನೆ ಕುಡಿಯುವ ವಸ್ತು ಇನ್ನೊಂದಿಲ್ಲ. ಬ್ಯಾರನ್ ತೆಗೆದಾಗ ಸೈಕಲ್ಲಿನ ಬಿಳಿ ಗಟ್ಟಿಯಾಗಿ ನಿಂತಿತ್ತು, ಸೊಪ್ಪು ಮಾತ್ರ ಬಣ್ಣದ ಡಬ್ಬಿಯ ನಾತ ಹೊಡೆಯುತ್ತಿತ್ತು. ಹುಣಸೂರಿನ ವ್ಯಾಪಾರಿ ಒಂದೆಲೆ ಮೂಸಿ ನೋಡಿ, "ಇದು ಸೇದಕ್ಕೋ, ಬಾಗ್ಲಿಗೆ ಬಳಿಯಕ್ಕೋ?" ಎಂದು ಅತ್ತ ತಳ್ಳಿದನಂತೆ. ಮಾವ ಮನೆಗೆ ಬಂದವರೇ ಸೈಕಲ್ಲನ್ನು ಎತ್ತಿ ತಿಪ್ಪೆಗೆ ಎಸೆದರು. "ಇದು ಈ ಮನೆ ಒಳೀಕೆ ಬರಕೂಡ್ದು. ನಿಂಗೆ ಇದೇ ಬೇಕು ಅನ್ನಂಗಿದ್ರೆ ನೀನೂ ಅಲ್ಲೇ ಬಿದ್ಕೊ!" ಇವರು ರಾತ್ರಿಯೆಲ್ಲ ಅದನ್ನು ತೊಳೆದರಂತೆ. ಹೆಂಡತಿ ಇಲ್ಲದ ಮನೆಯಲ್ಲಿ ಮಾಡಲು ಬೇರೆ ಏನು ಕೆಲಸ?

ಇದೊಂದೂ ನನಗೆ ಗೊತ್ತಿಲ್ಲ. ನಾನು ಮಿರ್ಲೆಯ ನಾಲೆಯಲ್ಲಿ ಬಟ್ಟೆ ಸೆಣೆಯುತ್ತ ಇವರನ್ನು ನೆನೆಯುತ್ತಿದ್ದೆ. ಆಷಾಢದ ಗಾಳಿ ಎಂದರೆ ಗಾಳಿ; ಒಗೆದ ಸೀರೆ ಕೈಯಿಂದ ಕಿತ್ತುಕೊಂಡು ಹೋಗುವಂಥದ್ದು. ಜಿನುಗು ಮಳೆ. ಗದ್ದೆಗಳಲ್ಲಿ ನಾಟಿ ಶುರುವಾಗಿತ್ತು. ಆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ನಾಲೆ ಏರಿಯ ಮೇಲೆ ಏನೋ ಬಿಳಿಯದು ಹಾರಿಕೊಂಡು ಬಂತು. ಬೆಲ್ಲಿಲ್ಲ, ಸದ್ದಿಲ್ಲ. ಹತ್ತಿರ ಬಂದಾಗ ನೋಡಿದರೆ ಇವರು. ಮೈಯೆಲ್ಲ ಕೆಸರು, ಹಲ್ಲು ಮಾತ್ರ ಕಾಣಿಸುತ್ತಿದೆ.

"ಅತ್ತೆ ಹೊಸ್ತಿಲು ದಾಟಂಗಿಲ್ಲ ತಾನೆ? ನಾಲೆಗೆಲ್ಲೈತೆ ಹೊಸ್ತಿಲು?" ಎಂದು ನಕ್ಕರು.

ಅಷ್ಟು ದೂರದಿಂದ, ಆ ಮಳೆಯಲ್ಲಿ, ನನಗೋಸ್ಕರ ಬಂದರಲ್ಲ ಎಂದು ನನ್ನ ಎದೆ ಉಬ್ಬಿಬಂತು. "ಚೆನ್ನಾಗಿದ್ದೀರಾ?" ಎಂದು ಕೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಇವರು, "ಎಂಗೈತೆ ನೋಡಮ್ಮಿ! ಹುಣಸೂರು ಬುಟ್ಟಿದ್ದೊಂದೇ ಗೊತ್ತು. ಮೊದ್ಲು ಎಮ್ಮೆ ಹೊಡ್ದಂಗಿತ್ತು. ಈಗ ತುಳುದ್ರೆ ಸಾಕು, ಅದೇ ಮುಂದಕ್ಕೆ ತಳ್ತದೆ. ಕಬ್ಬಿಣಕ್ಕೆ ಜೀವ ಇಲ್ಲ ಅಂತಾರಲ್ಲ, ಅವ್ರನ್ನ ಇದ್ರ ಮ್ಯಾಲೆ ಕೂರುಸ್ಬೇಕು" ಎಂದು ಸೈಕಲ್ಲಿನ ಬೆನ್ನು ಸವರಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬ್ಯಾರನ್ನಿನ ಪ್ರಸಂಗವನ್ನೂ ನಗುನಗುತ್ತಲೇ ಹೇಳಿದರು.

ನಾನು ಸುತ್ತ ಬಂದು ಸೈಕಲ್ಲಿನ ಹಿಂಭಾಗ ನೋಡಿದೆ.

"ಕ್ಯಾರಿಯರ್ ಎಲ್ಲಿ?"

"ಅದ್ಯಾಕೆ? ಸುಮ್ನೆ ಭಾರ."

ಸುಮ್ಮನೆ ಭಾರ! ನಾನು ಒದ್ದೆ ಬಟ್ಟೆಯನ್ನೆಲ್ಲ ಅವರ ಮುಖಕ್ಕೆ ಎಸೆಯಬೇಕಿತ್ತು. "ಮತ್ತೆ ನಾನೆಲ್ಲಿ ಕೂರ್ಲಿ?" ಎಂದು ಕೇಳಿದೆ. ಅದು ಆವರೆಗೆ ಅವರ ತಲೆಗೇ ಹೊಳೆದಿರಲಿಲ್ಲ ಎಂಬುದು ಮುಖದಲ್ಲಿ ಕಂಡಿತು. "ಮುಂದೆ ಬಾರ್ ಮ್ಯಾಲೆ ಕೂತ್ಕೊ. ಮಾತಾಡ್ಕಂಡು ಹೋಗ್ಬೋದು" ಎಂದರು. ನಾನು ಬಟ್ಟೆ ಬುಟ್ಟಿ ಹೊತ್ತುಕೊಂಡು ಮನೆಗೆ ಹೊರಟೆ.

ನಾಟಿ ಹಾಕುತ್ತಿದ್ದ ಹೆಣ್ಣಾಳುಗಳ ಬಾಯಿಗೆ ಬಾಗಿಲೆಲ್ಲಿ? ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಅಪ್ಪ ಛತ್ರಿ ಹಿಡಿದು ಏರಿಯ ಮೇಲೆ ಬಂದರು. ಅಳಿಯನ ಯೋಗಕ್ಷೇಮ ಕೇಳುವ ಮುಖದಲ್ಲೇ ಬಂದವರು ಸೈಕಲ್ ಕಂಡದ್ದೇ ಮರ ನಿಂತಂತೆ ನಿಂತರು.

"ಇದು... ನಾನು ಕೊಟ್ಟುದ್ದಾ?"

"ಊಂ ಮಾವ. ಈಗ ಬಲು ಹಗೂರ ಆಗೈತೆ."

ನಮ್ಮ ಮನೆಯಲ್ಲಿ ಒಬ್ಬ ಸೋದರತ್ತೆ ಇದ್ದರು, ಅಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು, ಬಳೆ ಒಡೆಸಿಕೊಂಡು, ಬಿಳೀ ಸೀರೆ ಉಡಿಸಿಕೊಂಡು ವಾಪಸು ಬಂದವರು. ಅವರನ್ನು ಗಾಡಿಯಲ್ಲಿ ಕರೆದುಕೊಂಡು ಬಂದವರು ಅಪ್ಪನೇ. ಇವರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಅಪ್ಪ ಛತ್ರಿ ಮಡಚಿ ಅದರ ತುದಿಯಿಂದ ಸೈಕಲ್ಲನ್ನು ತೋರಿಸಿದರು.

"ನನ್ ಮಗಳ ಮದ್ವೇಲಿ ಕೊಟ್ಟ ಮಾಲು. ಅರಿಶಿನ ಕಟ್ಟಿದ್ದ ಮಾಲು. ಅದರ ಮೈ ಮೇಲಿಂದೆಲ್ಲಾ ಕಿತ್ತಾಕಿ, ಬೋಳು ಮಾಡಿ, ಮ್ಯಾಲೆ ಬಿಳೀದು ಬಳ್ದಿದ್ದೀಯಲ್ಲೋ! ನಿನ್ನ ಆಯಸ್ಸು ನಿಂಗೆ ಬ್ಯಾಡ್ವಾ? ಥೂ!" ಎಂದು ಹ್ಯಾಂಡಲ್ಲಿನ ಮೇಲೆ ಉಗಿದರು. ಆಮೇಲೆ, "ಕೊಟ್ಟಂಗೇ ತಂದು ನಿಲ್ಸು, ಸ್ರಾವಣಕ್ಕೆ ಮಗಳನ್ನ ಕರ್ಕೊಂಡೋಗು. ಇಲ್ದಿದ್ರೆ ಅವ್ಳು ನನ್ನ ಮನೇಲೇ ಇರ್ತಾಳೆ" ಎಂದರು.

ಇವರು ಗಾಳಿಗೆ ಎದುರಾಗಿ ಹುಣಸೂರಿಗೆ ಹೊರಟರು. ಬರುವಾಗ ಹಾರಿಸಿಕೊಂಡು ಬಂದ ಗಾಳಿ ಹೋಗುವಾಗ ಎದೆಗೆ ಕೈ ಕೊಟ್ಟು ತಳ್ಳುತ್ತಿತ್ತು. ಒಳ್ಳೆಯದಾಯಿತು ಅಂದುಕೊಂಡೆ.

ಎಲ್ಲರದೂ ಸೈಕಲ್ಲಿನದೇ ಮಾತು. ಅಲ್ಲಿ ಮಾವನಿಗೆ ಸೈಕಲ್ ಬೇಡ, ಇಲ್ಲಿ ಅಪ್ಪನಿಗೆ ಆ ಸೈಕಲ್ ಬೇಡ, ಇವರಿಗೆ ಸೈಕಲ್ ಬಿಟ್ಟು ಬೇರೇನೂ ಬೇಡ. ನಾನು ಏನಾಗಬೇಕು ಎಂದು ಒಬ್ಬರಾದರೂ ಕೇಳಲಿಲ್ಲ. ಸೋದರತ್ತೆಯ ಮಗ್ಗುಲಲ್ಲಿ ಮಲಗಿ, ನಾನೂ ಹೀಗೆ ಈ ಮೂಲೆಯಲ್ಲೇ ಮುದುಕಿಯಾಗುತ್ತೇನಾ ಎಂದು ಸೂರು ನೋಡುತ್ತಿದ್ದೆ. ಗಂಡ ಸತ್ತಿದ್ದರೆ ಅಳಬಹುದಿತ್ತು. ಬದುಕಿರುವ ಗಂಡ ಸೈಕಲ್ ಒರೆಸುತ್ತ ಕುಳಿತಿದ್ದಾನೆ ಎಂದರೆ ಯಾರ ಮುಂದೆ ಅಳುವುದು?

ಆದರೂ ಇವರು ಬರುವುದು ಬಿಡಲಿಲ್ಲ. ಅಪ್ಪ ಸಾಲಿಗ್ರಾಮದ ಸಂತೆಗೆ ಹೋಗುವ ದಿನ ನೋಡಿಕೊಂಡು ನಾಲೆಯ ಮೇಲೆ ಹಾಜರು. ಎರಡನೇ ಸಲ ಬಂದಾಗ ನಾನು ನೇರ ಕೇಳಿದೆ: "ಬೇರೆ ಏನೂ ಬ್ಯಾಡ. ಕ್ಯಾರಿಯರ್ ಒಂದ್ ಹಾಕುಸ್ಕೊಂಡು ಬನ್ನಿ. ಅಪ್ಪನ್ನ ನಾನು ಒಪ್ಪುಸ್ತೀನಿ."

"ಅಮ್ಮೀ, ಒಂದ್ ಹಾಕುದ್ರೆ ಇನ್ನೊಂದು ಬತ್ತದೆ. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ನಿಂಗ್ ಗೊತ್ತಾಗಲ್ಲ ಬುಡು, ನೀನು ಯಾವತ್ತೂ ತುಳುದಿಲ್ಲ."

ನನಗೆ ಎಲ್ಲಿತ್ತೋ ರೋಷ. "ಕೊಡಿ ಇಲ್ಲಿ. ಅದ್ರಲ್ಲಿ ಏನೈತೆ ನೋಡೇಬುಡ್ತೀನಿ" ಎಂದು ಸೀರೆಯನ್ನು ನಾಟಿಗೆ ಇಳಿಯುವ ಹಾಗೆ ಕಚ್ಚೆ ಹಾಕಿ ಬಿಗಿದೆ. ಚೈನಿಗೆ ಕವರಿಲ್ಲದ ಸೈಕಲ್ಲು, ಸೆರಗು ಸಿಕ್ಕಿದರೆ ಮುಗಿಯಿತು ಕತೆ. ಮೊದಲು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದೆ. ಬಿದ್ದೆ. ನಾಟಿಯ ಹೆಂಗಸರು ಪೈರು ಬಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತರು.

"ಯಾಕವ್ವಾ ರುಕ್ಕಿ, ಬಸ್ಸಿಗೆ ಕಾಸಿಲ್ವಾ?" ಎಂದು ಒಬ್ಬಳು.

"ಗಂಡನ್ನ ಹೊಡ್ಯಕ್ಕೆ ಆಗ್ದೇ ಇದ್ದೋಳು ಸೈಕಲ್ ಹೊಡೀತಾವ್ಳೆ" ಎಂದು ಇನ್ನೊಬ್ಬಳು.

"ಬಾ, ಕಲ್ತ ಮೇಲೆ ನಿನ್ನೂ ಹೊಡೀತೀನಿ!" ಎಂದು ಕೂಗಿ ಮತ್ತೆ ಹತ್ತಿದೆ. ಮೊಣಕಾಲು ತರಿದಿತ್ತು. ಇವರು ಸೀಟು ಹಿಡಿದುಕೊಂಡು ಹಿಂದೆ ಓಡುತ್ತಿದ್ದರು, ನನಗೆ ನೋವಾಯಿತಾ ಎಂದಲ್ಲ, "ಬಣ್ಣ ಕಣೇ, ಬಣ್ಣ!" ಎಂದು ಬಡಕೊಳ್ಳುತ್ತಿದ್ದರು.

ಹೀಗೆ ಅವರು ಬಂದಾಗಲೆಲ್ಲ ಜಗಳ, ಜಗಳದ ನಡುವೆ ಸೈಕಲ್ಲು. ಆಷಾಢ ಮುಗಿಯುವ ಹೊತ್ತಿಗೆ ನಾನು ನಾಲೆಯ ಸೇತುವೆಯ ಕಟ್ಟೆ ಮೇಲೆ ಕಾಲಿಟ್ಟು ಬಾರಿನ ಮೇಲಿಂದ ಹತ್ತಿ ಸೀಟಿನಲ್ಲಿ ಕೂರುವುದನ್ನು ಕಲಿತಿದ್ದೆ. ಒಂದು ದಿನ ಇವರು ಕೈಬಿಟ್ಟಿದ್ದು ನನಗೆ ತಿಳಿಯಲಿಲ್ಲ. ಏರಿ ಉದ್ದಕ್ಕೂ ಹೋಗಿಬಿಟ್ಟೆ. ಕಲ್ಲು ಬಂದರೆ ಗಡಗಡ ಎನ್ನದೆ ಸೈಕಲ್ಲು ಅದನ್ನು ಒಳಗೇ ನುಂಗಿಕೊಳ್ಳುತ್ತಿತ್ತು. ಗಟ್ಟಿಯಾಗಿ ತುಳಿದರೆ ಒಂದಿಷ್ಟೇ ಬಾಗಿ, ಬಾಗಿದ್ದನ್ನು ವಾಪಸು ಕೊಟ್ಟು ಮುಂದೆ ನೂಕುತ್ತಿತ್ತು. ಮಳೆಯ ಹನಿ ಮುಖಕ್ಕೆ, ಪಕ್ಕದಲ್ಲಿ ನಾಲೆ ನೀರು ನನ್ನ ಜೊತೆ ಓಡುತ್ತಿದೆ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಹಾಳಾದ್ದು, ಅವರು ಹೇಳಿದ್ದೆಲ್ಲ ನಿಜವಾಗಿತ್ತು. ಅದರಿಂದ ನನಗೆ ಬಂದ ಸಿಟ್ಟು ಕ್ಯಾರಿಯರ್ ಇಲ್ಲ ಎಂದಾಗಲೂ ಬಂದಿರಲಿಲ್ಲ. ಇಳಿದು ಬಂದು, "ಏನಿಲ್ಲ, ಎಲ್ಲಾ ಸೈಕಲ್ಲೂ ಒಂದೇ" ಎಂದೆ.

ಅಮಾವಾಸ್ಯೆ ಕಳೆದು ಶ್ರಾವಣ ಹುಟ್ಟಿತು. ಇವರು ಶುಭ್ರವಾದ ಅಂಗಿ ಹಾಕಿಕೊಂಡು ಹಾಡುಹಗಲೇ ಮನೆಯ ಮುಂದೆ ಬಂದು ನಿಂತರು. ಅದೇ ಬಿಳೀ ಬೋಳು ಸೈಕಲ್ಲು. ಅಪ್ಪ ಜಗಲಿಯಿಂದ ಏಳಲಿಲ್ಲ.

"ಏನೇಳಿದ್ದೆ ನಾನು?"

"ಮಾವ, ಸೈಕಲ್ ಎಂಗಿದ್ರೇನು? ನಾನು ಚೆನ್ನಾಗಿದ್ದೀನಲ್ಲ."

"ಅಂಗೇ ಇರ್ಬೇಕು ಅಂತ್ಲೇ ಕಣಯ್ಯ ನಾನು ಬಡ್ಕಳದು! ಆಯ್ತು, ಸಕುನ ಗಿಕುನ ಬುಟ್ಟಾಕು. ನನ್ ಮಗಳನ್ನ ಎಲ್ಲಿ ಕೂರಿಸ್ಕೊಂಡು ಹೋಯ್ತೀಯ? ಹೇಳು!"

"ಬಾರ್ ಮ್ಯಾಲೆ."

"ಸಂತೆಗೆ ಕುರಿಮರಿ ತಕೊಂಡೋದಂಗಾ? ನೋಡು ಅಳಿಮಯ್ಯ, ಇವತ್ತು ತೀರ್ಮಾನ ಆಗ್ಬೇಕು. ಅದು ಬೇಕೋ, ಇವ್ಳು ಬೇಕೋ? ಅದನ್ನ ಇಲ್ಲೇ ಬುಟ್ಟು ಇವ್ಳ ಕೈ ಹಿಡ್ಕೊಂಡು ಬಸ್ಸು ಹತ್ತು. ಇಲ್ಲಾ, ಅದನ್ನೇ ಹತ್ತಿ ನಡಿ."

ನಾನು ಬಾಗಿಲ ಬಳಿ ನಿಂತಿದ್ದೆ. ಅವ್ವ ನನ್ನ ಹಿಂದೆ, ಸೋದರತ್ತೆ ಅವ್ವನ ಹಿಂದೆ. ಇವರು ಬಾಯಿ ತೆರೆಯುತ್ತಾರೆ, "ಇವಳು" ಎನ್ನುತ್ತಾರೆ ಎಂದು ಕಾದೆ. ಒಂದೇ ಮಾತು ತಾನೆ? ಸುಳ್ಳಾದರೂ ಹೇಳಬಹುದಿತ್ತು. ಇವರು ನನ್ನ ಮುಖ ನೋಡಿದರು. ಆಮೇಲೆ ತಲೆ ಬಗ್ಗಿಸಿ ಸೈಕಲ್ಲನ್ನು ನೋಡಿದರು. ಹ್ಯಾಂಡಲ್ಲಿನ ಮೇಲಿದ್ದ ಕೈ ಬಿಗಿಯಾಯಿತು.

ಆ ಕೈ ಕಂಡು ನನಗೆ ಹತ್ತಿದ ಉರಿ ಇನ್ನೂ ಆರಿಲ್ಲ. ನಾನು ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದೆ.

"ಅಪ್ಪಯ್ಯ, ಈ ಸೈಕಲ್ ಯಾರ್ ಮದ್ವೆಗೆ ಕೊಟ್ಟುದ್ದು?"

"ನಿನ್ನ ಮದ್ವೆಗೇ ಕಣವ್ವ."

"ನಾನು ಇಲ್ದಿದ್ರೆ ಇವ್ರಿಗೆ ಕೊಡ್ತಿದ್ಯಾ?"

"ಇವ್ನ್ಯಾರು ಅಂತ ಕೊಡ್ಲಿ?"

"ಅಂಗಾದ್ರೆ ಇದು ನಂದು" ಎಂದೆ. "ನೀನು ವಾಪಸ್ ಕೇಳಂಗಿಲ್ಲ. ಮಾವ ತಿಪ್ಪೆಗೆ ಎಸೆಯಂಗಿಲ್ಲ. ಇವ್ರಂತೂ ಮುಟ್ಟಂಗೇ ಇಲ್ಲ. ಕೈ ತಗೀರಿ."

ಇವರು ಕೈ ತೆಗೆದರು. ನಾನು ಕಚ್ಚೆ ಬಿಗಿದು, ಅಪ್ಪ ಕುಳಿತಿದ್ದ ಜಗಲಿಗೆ ಸೈಕಲ್ ಒರಗಿಸಿ, ಅದರ ಅಂಚಿಗೆ ಕಾಲಿಟ್ಟು ಬಾರಿನ ಮೇಲಿಂದ ಇನ್ನೊಂದು ಕಾಲು ಹಾಕಿದೆ. ಅಪ್ಪ, "ಅಯ್ಯೋ ಸಿವ್ನೇ, ಗಂಡುಡ್ಗ್ರಂಗೆ!" ಎಂದು ಹೆಗಲ ವಲ್ಲಿಯಿಂದ ಕಣ್ಣು ಮುಚ್ಚಿಕೊಂಡರು. ಅವ್ವ ಏನೋ ಅಂದಳು, ಕೇಳಿಸಲಿಲ್ಲ. ಒಳಗಿನಿಂದ ಸೋದರತ್ತೆ ಜೋರಾಗಿ ನಕ್ಕಿದ್ದು ಮಾತ್ರ ಕೇಳಿಸಿತು. ಅವರು ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಬೀದಿ ದಾಟಿ ಏರಿಗೆ ಹತ್ತುವಾಗ ಹಿಂದೆ ಚಪ್ಪಲಿ ಪಟಪಟ ಎನ್ನುತ್ತಿತ್ತು.

"ರುಕ್ಕೀ! ನಿಲ್ಲೇ! ನಾನೆಲ್ಲಿ ಕೂರ್ಲೇ?"

"ಕ್ಯಾರಿಯರ್ ಬಿಚ್ಚುಸ್ದೋರು ಯಾರು?" ಎಂದು ಕೂಗಿ ತುಳಿದೆ. ಗದ್ದೆಯಲ್ಲಿದ್ದ ಹೆಂಗಸರೆಲ್ಲ ಕೇಕೆ ಹಾಕಿದರು.

ಕೆಸರು ಏರಿಯ ಮೇಲೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಏದುಸಿರು ಬಿಡುತ್ತ ಅವರು ಬಹಳ ದೂರ ನನ್ನ ಹಿಂದೆ ಓಡಿಬಂದರು. ನನಗಾಗಿ ಓಡಿಬಂದರೋ, ಆ ಸೈಕಲ್ಲಿಗಾಗಿ ಓಡಿಬಂದರೋ, ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಕೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.